ಓದುಗರ ಪ್ರಶ್ನೆ, ನಮ್ಮ ಉತ್ತರ: ಎಣ್ಣೆಯ ಲೀಟರು, ಎಣ್ಣೆಯ ಕಿಲೋ

ಕಳೆದ ಸಂಚಿಕೆಯಲ್ಲಿ ಹಲಸಿನ ಹಪ್ಪಳ ಕರಿಯುವ ವಿಧಾನವನ್ನು ಬರೆಯುವಾಗ ಸಾಮಗ್ರಿಗಳ ಪಟ್ಟಿಯಲ್ಲಿ "ಅರ್ಧ ಕಿಲೋ ಎಣ್ಣೆ" ಎಂದೂ, ಮಾಡುವ ಕ್ರಮದಲ್ಲಿ "ಅರ್ಧ ಲೀಟರ್ ಎಣ್ಣೆ" ಎಂದೂ ಅಚ್ಚಾಗಿತ್ತು. ಎರಡೂ ಒಂದೇ ತಾನೇ ಎಂಬ ಉದಾಸೀನದಿಂದ ಆದ ಈ ತಪ್ಪು ನಮ್ಮದು. ಅದನ್ನು ಎತ್ತಿ ತೋರಿಸಿದ ಓದುಗರು ಅಷ್ಟಕ್ಕೇ ನಿಲ್ಲದೆ ತಮ್ಮ ಮನೆ, ಗಾಣ, ಅಡುಗೆ ಶಾಲೆಗಳಲ್ಲಿ ಎದುರಾದ ಅನುಮಾನಗಳನ್ನೂ ಬರೆದು ಕಳಿಸಿದ್ದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಎಣ್ಣೆಯ ತೂಕ ಮತ್ತು ಅಳತೆಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಒಂದು ಲೀಟರಿನ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟನ್ನು ಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟಾಗ 917 ಗ್ರಾಂ ಬಂತು. ತಕ್ಕಡಿಯ ಗುಂಡಿಯನ್ನು ಗ್ರಾಂನಿಂದ ಮಿಲಿಲೀಟರಿಗೆ ಬದಲಿಸಿದರೂ 917 ಎಂದೇ ತೋರಿಸಿತು. ಲೀಟರ್ ಎಂದರೆ ಸಾವಿರ ಅಲ್ಲವೇ? ಅಂಗಡಿಯವರನ್ನು ಕೇಳಿದರೆ "ಎಣ್ಣೆ ಇರೋದೇ ಹಾಗಮ್ಮ" ಎಂದು ನಕ್ಕರು. ಉಳಿದ 83 ಎಲ್ಲಿಗೆ ಹೋಯಿತು?
— ಗೃಹಿಣಿ, ಸಾಗರ

ಉತ್ತರ: ಅಂಗಡಿಯವರು ವಿವರಿಸುವ ಶ್ರಮ ತೆಗೆದುಕೊಳ್ಳಲಿಲ್ಲವೆಂಬುದನ್ನು ಬಿಟ್ಟರೆ ಅವರು ಹೇಳಿದ್ದು ಸರಿಯಾಗಿಯೇ ಇದೆ. ಲೀಟರ್ ಎಂಬುದು ಒಂದು ವಸ್ತು ಎಷ್ಟು ಜಾಗ ಹಿಡಿಯುತ್ತದೆ ಎಂಬುದರ ಅಳತೆ. ಗ್ರಾಂ ಎಂಬುದು ಅದು ಎಷ್ಟು ತೂಗುತ್ತದೆ ಎಂಬುದರ ಲೆಕ್ಕ. ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕಿಲೋ ತೂಗುವುದರಿಂದ ಈ ಎರಡೂ ಒಂದೇ ಎಂಬ ಭ್ರಮೆ ನಮ್ಮೆಲ್ಲರಲ್ಲೂ ಬೇರೂರಿದೆ. ಎಣ್ಣೆ ನೀರಿಗಿಂತ ಹಗುರ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಾರಿನ ಮೇಲೆ ಒಗ್ಗರಣೆ ತೇಲುತ್ತದೆ. ಗಾಜಿನ ಬಟ್ಟಲಿನಲ್ಲಿ ಮುಕ್ಕಾಲು ಭಾಗ ನೀರು ತುಂಬಿ ಮೇಲೆ ಎರಡು ಚಮಚ ಎಣ್ಣೆ ಬಿಟ್ಟು ದೀಪ ಹಚ್ಚಿದರೆ ಎಣ್ಣೆ ಮೇಲೆಯೇ ನಿಂತು ಉರಿಯುತ್ತದೆ. ಹಗುರವಾದದ್ದು ಅದೇ ಜಾಗ ತುಂಬಿದರೂ ಕಡಿಮೆ ತೂಗುತ್ತದೆ. ಎಷ್ಟು ಕಡಿಮೆ ಎಂದರೆ, ನಾವು ಅಡುಗೆಗೆ ಬಳಸುವ ಎಣ್ಣೆಗಳ ಮಟ್ಟಿಗೆ ಒಂದು ಲೀಟರಿಗೆ ಸುಮಾರು 910 ಗ್ರಾಂ. ನಿಮ್ಮ ಪ್ಯಾಕೆಟ್ಟಿನ ಹಿಂಭಾಗದಲ್ಲಿ "1 ಲೀಟರ್" ಎಂಬುದರ ಪಕ್ಕದಲ್ಲೋ ಕೆಳಗೋ ಸಣ್ಣ ಅಕ್ಷರದಲ್ಲಿ "910 ಗ್ರಾಂ" ಎಂದು ಇದ್ದೇ ಇರುತ್ತದೆ. ಮಿಕ್ಕ ಏಳು ಗ್ರಾಂ ಪ್ಲಾಸ್ಟಿಕ್ಕಿನದಾಗಿರಬೇಕು. ಹಾಗಾಗಿ ಏನೂ ಎಲ್ಲಿಗೂ ಹೋಗಿಲ್ಲ.

ನಿಮ್ಮನ್ನು ನಿಜವಾಗಿ ದಾರಿ ತಪ್ಪಿಸಿದ್ದು ತಕ್ಕಡಿಯ ಆ ಗುಂಡಿ. ಅಡುಗೆಮನೆಯ ತಕ್ಕಡಿಗೆ ಜಾಗವನ್ನು ಅಳೆಯುವ ಯಾವ ಶಕ್ತಿಯೂ ಇಲ್ಲ; ತನ್ನ ಮೇಲೆ ಬಿದ್ದ ಭಾರವನ್ನಷ್ಟೇ ಅದು ಬಲ್ಲದು. ಮಿಲಿಲೀಟರ್ ಗುಂಡಿ ಒತ್ತಿದಾಗ ಅದು ಮೇಲಿರುವುದು ನೀರೇ ಎಂದು ಊಹಿಸಿಕೊಂಡು, ಗ್ರಾಂನ ಅಂಕಿಯನ್ನೇ ಹೆಸರು ಬದಲಿಸಿ ತೋರಿಸುತ್ತದೆ. ಕೆಲವು ತಕ್ಕಡಿಗಳಲ್ಲಿ ನೀರಿಗೊಂದು, ಹಾಲಿಗೊಂದು ಗುರುತು ಬೇರೆ ಬೇರೆ ಇರುವುದೂ ಇದೇ ಕಾರಣಕ್ಕೆ. ಎಣ್ಣೆಯ ಗುರುತು ಇರುವ ತಕ್ಕಡಿಯನ್ನು ನಾನು ಇದುವರೆಗೆ ಕಂಡಿಲ್ಲ. ಆದ್ದರಿಂದ ಎಣ್ಣೆಯನ್ನು ಅಳೆಯುವಾಗ ಆ ಗುಂಡಿಯನ್ನು ಮರೆತುಬಿಡಿ. ಗ್ರಾಂನಲ್ಲಿ ತೂಗಿ, ಲೆಕ್ಕವನ್ನು ನೀವೇ ಹಾಕಿ.

ಆ ಲೆಕ್ಕ ಬಾಯಲ್ಲೇ ಹಾಕುವಷ್ಟು ಸುಲಭವಾಗಿದೆ. ಮಿಲಿಲೀಟರಿನಿಂದ ಗ್ರಾಂಗೆ ಹೋಗಬೇಕಾದರೆ ಹತ್ತನೆಯ ಒಂದು ಭಾಗವನ್ನು ಕಳೆದು, ನೂರನೆಯ ಒಂದು ಭಾಗವನ್ನು ಮರಳಿ ಸೇರಿಸಿ. 500 ಮಿಲಿಲೀಟರಿನಲ್ಲಿ 50 ಕಳೆದರೆ 450, ಅದಕ್ಕೆ 5 ಸೇರಿಸಿದರೆ 455 ಗ್ರಾಂ. ಗ್ರಾಂನಿಂದ ಮಿಲಿಲೀಟರಿಗೆ ಬರಬೇಕಾದರೆ ಹತ್ತನೆಯ ಒಂದು ಭಾಗವನ್ನು ಕೂಡಿಸಿದರೆ ಸಾಕು: 500 ಗ್ರಾಂ ಎಣ್ಣೆ 550 ಮಿಲಿಲೀಟರ್, ಒಂದು ಕಿಲೋ ಎಣ್ಣೆ 1100 ಮಿಲಿಲೀಟರ್. ಕಟ್ಟುನಿಟ್ಟಾಗಿ 1000ವನ್ನು 0.91ರಿಂದ ಭಾಗಿಸಿದರೆ 1099 ಬರುತ್ತದೆ. ಆ ಒಂದು ಮಿಲಿಲೀಟರ್ ಸೌಟಿನ ಬೆನ್ನಿಗೆ ಅಂಟಿಕೊಳ್ಳುವ ಎಣ್ಣೆಗಿಂತಲೂ ಕಡಿಮೆ.

ಇಷ್ಟಾಗಿಯೂ ಅನುಮಾನ ಉಳಿದರೆ ಪ್ಯಾಕೆಟ್ಟನ್ನು ಒಡೆಯುವ ಮೊದಲು ತೂಗಿ, ಎಣ್ಣೆಯನ್ನು ಡಬ್ಬಿಗೆ ಸುರಿದ ಮೇಲೆ ಪ್ಯಾಕೆಟ್ಟನ್ನು ಬುಡಮೇಲು ಮಾಡಿ ಸ್ವಲ್ಪ ಹೊತ್ತು ಸೋರಲು ಬಿಟ್ಟು, ಖಾಲಿ ಪ್ಯಾಕೆಟ್ಟನ್ನೂ ತೂಗಿ ಕಳೆಯಿರಿ. ಯಂತ್ರದಲ್ಲಿ ತುಂಬುವಾಗ ತುಸು ಹೆಚ್ಚುಕಡಿಮೆಯಾಗುವುದನ್ನು ನಿಯಮವೂ ಒಪ್ಪುತ್ತದೆ. 500 ಗ್ರಾಂನಿಂದ 1000 ಗ್ರಾಂವರೆಗಿನ ಪೊಟ್ಟಣಕ್ಕೆ ಆ ಮಿತಿ 15 ಗ್ರಾಂ. ಅದಕ್ಕಿಂತ ಹೆಚ್ಚು ಕೊರತೆ ಕಂಡರೆ ಅಂಗಡಿಯವರ ಜೊತೆ ಜಗಳ ಬೇಡ, ಏಕೆಂದರೆ ಪ್ಯಾಕೆಟ್ಟನ್ನು ತುಂಬಿದವರು ಅವರಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ತಿಳಿಸಬಹುದು, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಇನ್ನೊಂದು ಮಾತು. ಲೀಟರಿಗೆ 910 ಗ್ರಾಂ ಎಂಬುದು ನ್ಯಾಯವಾದರೂ, ಈಚೆಗೆ ಒಂದು ಲೀಟರಿನ ಪ್ಯಾಕೆಟ್ಟಿನಂತೆಯೇ ಕಾಣುವ, ಆದರೆ 800 ಗ್ರಾಂ, 850 ಗ್ರಾಂ ಎಂದು ಅಚ್ಚಾಗಿರುವ ಪ್ಯಾಕೆಟ್ಟುಗಳೂ ಅಂಗಡಿಯಲ್ಲಿ ಪಕ್ಕಪಕ್ಕದಲ್ಲೇ ನೇತಾಡುತ್ತವೆ. ಅಡುಗೆ ಎಣ್ಣೆಯೂ ಸೇರಿದಂತೆ ಕೆಲವು ಸಾಮಾನುಗಳನ್ನು ಗೊತ್ತುಪಡಿಸಿದ ಅಳತೆಗಳಲ್ಲಿಯೇ ತುಂಬಬೇಕೆಂಬ ಕಟ್ಟಳೆಯನ್ನು 2022ರಲ್ಲಿ ತೆಗೆದುಹಾಕಿದ ಮೇಲೆ ಇದು ಕಾನೂನುಬಾಹಿರವೇನೂ ಅಲ್ಲ. ಅದರ ಬದಲಿಗೆ ಪ್ರತಿ ಗ್ರಾಂಗೋ ಮಿಲಿಲೀಟರಿಗೋ ಎಷ್ಟು ಬೆಲೆ ಬೀಳುತ್ತದೆ ಎಂಬುದನ್ನು ಅಚ್ಚು ಮಾಡಬೇಕೆಂಬ ನಿಯಮ ಬಂದಿದೆ. ನೋಡಬೇಕಾದದ್ದು ಆ ಸಾಲನ್ನು. ಅದರಲ್ಲಿಯೂ ಒಂದು ಪ್ಯಾಕೆಟ್ಟು ಗ್ರಾಂ ಲೆಕ್ಕದಲ್ಲಿ, ಇನ್ನೊಂದು ಮಿಲಿಲೀಟರ್ ಲೆಕ್ಕದಲ್ಲಿ ಬೆಲೆ ಹೇಳುತ್ತಿದ್ದರೆ ನೇರವಾಗಿ ಹೋಲಿಸುವಂತಿಲ್ಲ. ಮಿಲಿಲೀಟರಿನ ಬೆಲೆಗೆ ಹತ್ತನೆಯ ಒಂದು ಭಾಗ ಸೇರಿಸಿದರೆ ಅದು ಗ್ರಾಂನ ಬೆಲೆಯಾಗುತ್ತದೆ.

ಪ್ರಶ್ನೆ: ನಾನು ಮದುವೆ, ಉಪನಯನಗಳಿಗೆ ಅಡುಗೆ ಗುತ್ತಿಗೆ ಹಿಡಿಯುತ್ತೇನೆ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಟಿನ್ ಎಣ್ಣೆ ತರಿಸುವಾಗ ಒಂದು ಕಡೆ 15 ಕಿಲೋ ಟಿನ್, ಇನ್ನೊಂದು ಕಡೆ 15 ಲೀಟರ್ ಟಿನ್ ಎನ್ನುತ್ತಾರೆ. ನೋಡಲು ಎರಡೂ ಒಂದೇ ರೀತಿ ಇರುತ್ತವೆ. ಲೀಟರಿನ ಟಿನ್ ಬೆಲೆ ಕಡಿಮೆ. ಯಾವುದನ್ನು ತೆಗೆದುಕೊಂಡರೆ ಲಾಭ?
— ಅಡುಗೆ ಗುತ್ತಿಗೆದಾರರು, ತೀರ್ಥಹಳ್ಳಿ

ಉತ್ತರ: ಬೆಲೆ ಕಡಿಮೆ ಎಂಬುದೇ ಲಾಭವಲ್ಲ ಎಂಬುದು ವ್ಯಾಪಾರ ಬಲ್ಲ ನಿಮಗೆ ನಾವು ಹೇಳಬೇಕಾದ ಮಾತಲ್ಲ, ಆದರೂ ಅಂಕಿಗಳನ್ನು ಎದುರಿಗಿಟ್ಟು ನೋಡೋಣ. 15 ಲೀಟರ್ ಟಿನ್ನಿನಲ್ಲಿರುವ ಎಣ್ಣೆಯ ತೂಕ 13 ಕಿಲೋ 650 ಗ್ರಾಂ. 15 ಕಿಲೋ ಟಿನ್ನಿನಲ್ಲಿರುವ ಎಣ್ಣೆಯ ಅಳತೆ ಸುಮಾರು ಹದಿನಾರೂವರೆ ಲೀಟರ್. ಎರಡರ ನಡುವಿನ ಅಂತರ 1 ಕಿಲೋ 350 ಗ್ರಾಂ, ಎಂದರೆ ಹತ್ತಿರ ಹತ್ತಿರ ಒಂದೂವರೆ ಲೀಟರ್. ಲೆಕ್ಕದ ಅನುಕೂಲಕ್ಕೆ ಲೀಟರಿನ ಟಿನ್ನಿಗೆ 2,100 ರೂಪಾಯಿ, ಕಿಲೋ ಟಿನ್ನಿಗೆ 2,250 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲನೆಯದು 150 ರೂಪಾಯಿ ಅಗ್ಗವೆಂದು ಕಾಣುತ್ತದೆ. ಆದರೆ 2,100ನ್ನು 13.65ರಿಂದ ಭಾಗಿಸಿದರೆ ಕಿಲೋಗೆ 153 ರೂಪಾಯಿ 85 ಪೈಸೆ ಬೀಳುತ್ತದೆ. 2,250ನ್ನು 15ರಿಂದ ಭಾಗಿಸಿದರೆ 150 ರೂಪಾಯಿ. ದುಬಾರಿ ಎಂದು ಕಂಡ ಟಿನ್ನೇ ಅಗ್ಗವಾಯಿತು. ಲೀಟರಿನ ಟಿನ್ನಿನ ಬೆಲೆಯನ್ನು ಹತ್ತು ಪಾಲು ಮಾಡಿ, ಒಂದು ಪಾಲನ್ನು ಅದಕ್ಕೇ ಸೇರಿಸಿ, ಬಂದ ಮೊತ್ತವನ್ನು ಕಿಲೋ ಟಿನ್ನಿನ ಬೆಲೆಯೊಂದಿಗೆ ಹೋಲಿಸಿದರೆ ಅಂಗಡಿಯ ಮುಂದೆ ನಿಂತೇ ತೀರ್ಮಾನಿಸಬಹುದು. ಇಲ್ಲಿ 2,100ಕ್ಕೆ 210 ಸೇರಿ 2,310 ಆಗುತ್ತದೆ. 2,250 ಅದಕ್ಕಿಂತ ಕಡಿಮೆ.

ಟಿನ್ನನ್ನು ತೂಗಿ ನೋಡುವುದಾದರೆ ಖಾಲಿ ತಗಡಿನ ತೂಕವನ್ನು ಕಳೆಯಲು ಮರೆಯಬೇಡಿ. ಮುಚ್ಚಳದ ಮೇಲೋ ಪಕ್ಕದಲ್ಲೋ ನಿವ್ವಳ ತೂಕ ಎಂದು ಬರೆದಿರುವುದನ್ನು ನೋಡಬೇಕೇ ಹೊರತು ಒಟ್ಟು ತೂಕವನ್ನಲ್ಲ. ಒಂದೇ ಸಮಾರಂಭಕ್ಕೆ ಎರಡು ಬಗೆಯ ಟಿನ್ನುಗಳನ್ನೂ ತರಿಸಿದ್ದರೆ ಮನೆಯ ಯಜಮಾನರಿಗೆ ಲೆಕ್ಕ ಒಪ್ಪಿಸುವಾಗ "ಇಷ್ಟು ಟಿನ್" ಎನ್ನುವ ಬದಲು "ಇಷ್ಟು ಕಿಲೋ" ಎಂದು ಬರೆದರೆ ಮಾತಿಗೆ ಆಸ್ಪದವಿರುವುದಿಲ್ಲ.

ನಿಮ್ಮ ವೃತ್ತಿಗೆ ಸಂಬಂಧಿಸಿದ ಮತ್ತೊಂದು ಸಂಗತಿಯನ್ನು, ನೀವು ಕೇಳದಿದ್ದರೂ, ಇಲ್ಲಿಯೇ ಹೇಳಿಬಿಡುತ್ತೇನೆ. ಎಣ್ಣೆ ಕಾದಾಗ ಹಿಗ್ಗುತ್ತದೆ. ತಣ್ಣಗಿದ್ದಾಗ 10 ಲೀಟರ್ ಸುರಿದ ಬಾಣಲೆಯಲ್ಲಿ ಎಣ್ಣೆ 180 ಡಿಗ್ರಿಯವರೆಗೆ ಕಾದು ಹಪ್ಪಳ ಅರಳುವ ಹದಕ್ಕೆ ಬಂದಾಗ ಅದೇ ಎಣ್ಣೆ ಸುಮಾರು 11 ಲೀಟರಿನಷ್ಟು ಜಾಗ ಹಿಡಿಯುತ್ತದೆ. ಅದರ ಮೇಲೆ ಹಿಟ್ಟಿನ ನೀರಿನಂಶ ಬಿಡುವ ನೊರೆ ಬೇರೆ. ಅಂಚಿಗೆ ನಾಲ್ಕು ಬೆರಳು ಕೆಳಗೇ ಎಣ್ಣೆ ನಿಲ್ಲಿಸಬೇಕೆಂದು ಹಳೆಯ ಅಡುಗೆ ಭಟ್ಟರು ಹೇಳುತ್ತಿದ್ದುದರಲ್ಲಿ ಈ ಎರಡೂ ಸೇರಿವೆ. ಹಾಗೆಯೇ, ಕರಿದ ತಿಂಡಿ ಎಷ್ಟು ಎಣ್ಣೆ ಕುಡಿಯಿತು ಎಂದು ತಿಳಿಯಬೇಕಾದರೆ ಬಿಸಿ ಎಣ್ಣೆಯನ್ನು ಲೀಟರಿನ ಅಳತೆಯಲ್ಲಿ ನೋಡಿ ಪ್ರಯೋಜನವಿಲ್ಲ. ಆರಿದ ಮೇಲೆ ಸೋಸಿ ತೂಗಿ, ಮೊದಲಿನ ತೂಕದಿಂದ ಕಳೆಯಿರಿ.

ಪ್ರಶ್ನೆ: ನಾವು ಮರದ ಗಾಣ ಹಾಕಿಕೊಂಡು ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ತೆಗೆದು ಮಾರುತ್ತೇವೆ. ಸಂಜೆ ಬಾಟಲಿಯ ಕತ್ತಿನವರೆಗೆ ತುಂಬಿಟ್ಟ ಎಣ್ಣೆ ಬೆಳಿಗ್ಗೆ ಕೆಳಗಿಳಿದಿರುತ್ತದೆ. ಗಿರಾಕಿಗಳು ಅಳತೆ ಕಡಿಮೆ ಎನ್ನುತ್ತಾರೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯಲ್ಲಂತೂ ನಡುವೆ ಗುಳಿ ಬೀಳುತ್ತದೆ. ಲೀಟರಿನಲ್ಲಿ ಮಾರಬೇಕೋ ಕಿಲೋದಲ್ಲಿ ಮಾರಬೇಕೋ ತಿಳಿಸಿ.
— ಗಾಣದ ಮಾಲೀಕರು, ಶಿಕಾರಿಪುರ ತಾಲ್ಲೂಕು

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ನಿಮ್ಮದು, ಏಕೆಂದರೆ ಮೇಲಿನ ಉತ್ತರದಲ್ಲಿ ನಾನು ಬಾಣಲೆಯ ಮಟ್ಟಿಗೆ ಮುಟ್ಟಿ ಬಿಟ್ಟಿದ್ದ ಬಿಸಿ-ತಂಪಿನ ವಿಚಾರ ನಿಮ್ಮ ಬಾಟಲಿಯ ಕತ್ತಿನಲ್ಲಿ ಕಣ್ಣಿಗೆ ಕಾಣುತ್ತಿದೆ. ಎಣ್ಣೆಯ ಬಿಸಿ ಒಂದು ಡಿಗ್ರಿ ಇಳಿದರೆ ಅದರ ಗಾತ್ರ ಸಾವಿರಕ್ಕೆ ಮುಕ್ಕಾಲು ಭಾಗಕ್ಕಿಂತ ತುಸು ಕಡಿಮೆ, ಎಂದರೆ ಲೀಟರಿಗೆ 0.7 ಮಿಲಿಲೀಟರಿನಷ್ಟು ಕುಗ್ಗುತ್ತದೆ. ಕೇಳಲು ಇದು ಏನೂ ಅಲ್ಲ. ಆದರೆ ಗಾಣದಿಂದ ಬೆಚ್ಚಗೆ 45 ಡಿಗ್ರಿಯಲ್ಲಿ ಇಳಿದ ಎಣ್ಣೆಯನ್ನು ಹಾಗೆಯೇ ತುಂಬಿ, ಬೆಳಗಿನ ಜಾವ ಅದು 20 ಡಿಗ್ರಿಗೆ ಬಂದರೆ, 25 ಡಿಗ್ರಿಯ ಇಳಿಕೆಗೆ ಒಂದು ಲೀಟರಿನಲ್ಲಿ 17ರಿಂದ 18 ಮಿಲಿಲೀಟರ್ ಕುಗ್ಗುತ್ತದೆ. ಬಾಟಲಿಯ ಅಗಲವಾದ ಹೊಟ್ಟೆಯಲ್ಲಿ ಅಷ್ಟು ಎಣ್ಣೆ ಕುಗ್ಗಿದ್ದು ಗೊತ್ತೇ ಆಗುವುದಿಲ್ಲ. ಕಿರಿದಾದ ಕತ್ತಿನಲ್ಲಿ ಅದೇ ಕುಗ್ಗುವಿಕೆ ಎರಡು ಬೆರಳಿನಷ್ಟು ಕಾಣುತ್ತದೆ. ಎಣ್ಣೆಯ ತೂಕದಲ್ಲಿ ಒಂದು ಗ್ರಾಂ ಕೂಡ ಕಡಿಮೆಯಾಗಿರುವುದಿಲ್ಲ. ಗಿರಾಕಿಯ ದೂರೂ ಸುಳ್ಳಲ್ಲ, ನಿಮ್ಮ ಅಳತೆಯೂ ಸುಳ್ಳಲ್ಲ; ನೀವು ಬಿಸಿ ಲೀಟರನ್ನು ಮಾರಿದಿರಿ, ಅವರು ತಣ್ಣನೆಯ ಲೀಟರನ್ನು ಎದುರು ನೋಡಿದರು.

ಕೊಬ್ಬರಿ ಎಣ್ಣೆಯ ಗುಳಿ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ಹಿಗ್ಗುತ್ತದೆ, ಕೊಬ್ಬರಿ ಎಣ್ಣೆ ಗಟ್ಟಿಯಾಗುವಾಗ ಕುಗ್ಗುತ್ತದೆ. ಬಾಟಲಿಯ ಗೋಡೆಗೆ ತಾಗಿದ ಎಣ್ಣೆ ಮೊದಲು ಗಟ್ಟಿಯಾಗಿ, ನಡುವಿನದು ಕೊನೆಗೆ ಗಟ್ಟಿಯಾಗುತ್ತ ಒಳಗೆ ಎಳೆದುಕೊಳ್ಳುವುದರಿಂದ ಮಧ್ಯೆ ಗುಳಿ ಬೀಳುತ್ತದೆ. ಮಲೆನಾಡಿನ ಮಾಗಿಯ ಚಳಿಯಲ್ಲಿ ಅಟ್ಟದ ಮೇಲಿಟ್ಟ ಬಾಟಲಿಯಲ್ಲಿ ಇದು ಕಾಣದಿದ್ದರೇ ಆ ಕೊಬ್ಬರಿ ಎಣ್ಣೆಯ ಮೇಲೆ ಅನುಮಾನ ಪಡಬೇಕು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಗಿರಾಕಿಯ ಎದುರಿಗೇ ಕರಗಿಸಿ ತೋರಿಸಿ.

ಈ ಬಿಸಿ-ತಂಪಿನ ಆಟ ನಿಮ್ಮ ಗಾಣಕ್ಕಷ್ಟೇ ಸೀಮಿತವಾದದ್ದಲ್ಲ. ದೊಡ್ಡ ಪ್ರಮಾಣದಲ್ಲಿ ಎಣ್ಣೆ ತುಂಬುವ ಕೆಲವರು ಪ್ಯಾಕೆಟ್ಟಿನ ಮೇಲೆ ಲೀಟರಿನ ಜೊತೆಗೆ 60 ಡಿಗ್ರಿಯಂತಹ ಉಷ್ಣತೆಯನ್ನು ನಮೂದಿಸುತ್ತಿದ್ದರು. ಉದಾಹರಣೆಗೆ ಸೋಯಾ ಎಣ್ಣೆ ಒಂದು ಲೀಟರಿಗೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ ತೂಗುತ್ತದೆ. ಕಾಗದದ ಮೇಲೆ ಬಿಸಿ ಹೆಚ್ಚಿದಷ್ಟೂ ಪ್ಯಾಕೆಟ್ಟಿನೊಳಗಿನ ಎಣ್ಣೆ ಕಡಿಮೆಯಾಗುತ್ತದೆ. 60 ಡಿಗ್ರಿಯ ಅಡುಗೆಮನೆ ಯಾರ ಮನೆಯಲ್ಲಿದೆ? ಇದನ್ನು ಗಮನಿಸಿದ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ, ಉಷ್ಣತೆಯ ಉಲ್ಲೇಖವಿಲ್ಲದೆ ಲೀಟರಿನ ಅಳತೆಯನ್ನೂ ಅದರ ಜೊತೆಗೆ ತೂಕವನ್ನೂ ಅಚ್ಚು ಮಾಡಬೇಕೆಂದು ಸೂಚಿಸಿ, ಲೇಬಲ್ ತಿದ್ದಿಕೊಳ್ಳಲು 2023ರ ಜನವರಿ 15ರವರೆಗೆ ಗಡುವು ಕೊಟ್ಟಿತು.

ನಿಮಗೆ ನನ್ನ ಸಲಹೆ ಇಷ್ಟು: ತುಂಬುವುದು ತೂಕದಿಂದ, ಬರೆಯುವುದು ಎರಡನ್ನೂ. ಎಣ್ಣೆಯನ್ನು ಮಡ್ಡಿ ತಳಕ್ಕಿಳಿಯುವವರೆಗೆ ಬಿಟ್ಟು, ತಿಳಿಯನ್ನು ಬಾಟಲಿಗೆ ಹಾಕುವಾಗ ಖಾಲಿ ಬಾಟಲಿಯನ್ನು ಲಾಳಿಕೆಯ ಸಮೇತ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಂಡು ಸುರಿಯಿರಿ. ಆಗ ಎಣ್ಣೆ ಬೆಚ್ಚಗಿರಲಿ ತಣ್ಣಗಿರಲಿ, ಲೆಕ್ಕ ಒಂದೇ. ತಕ್ಕಡಿಗೆ ಇಲಾಖೆಯ ಮುದ್ರೆ ಇರಬೇಕೆಂಬುದನ್ನು ನೀವು ಬಲ್ಲಿರಿ. ಆದರೆ ಎಲ್ಲ ಎಣ್ಣೆಗೂ 910 ಎಂದು ಕಣ್ಣು ಮುಚ್ಚಿ ತುಂಬಬೇಡಿ. ಶೇಂಗಾ ಎಣ್ಣೆಗೆ ಅದು ಹೊಂದುತ್ತದೆ. ಕೊಬ್ಬರಿ ಎಣ್ಣೆ ಮತ್ತು ಎಳ್ಳೆಣ್ಣೆ ಸ್ವಲ್ಪ ಭಾರ, ಲೀಟರಿಗೆ 915ರಿಂದ 920 ಗ್ರಾಂ ತೂಗುತ್ತವೆ. ಹರಳೆಣ್ಣೆಯನ್ನೂ ತೆಗೆಯುವಿರಾದರೆ ಅದು ಇವೆಲ್ಲಕ್ಕಿಂತ ಬೇರೆಯೇ ಜಾತಿ, ಲೀಟರಿಗೆ 960 ಗ್ರಾಂ ಆಸುಪಾಸಿನದು. ನಿಮ್ಮದೇ ಎಣ್ಣೆಯ ಅಂಕಿ ನಿಮಗೆ ಬೇಕಾದರೆ, ಒಂದು ಬಾಟಲಿಗೆ ಗೀಟು ಹಾಕಿ, ಆ ಗೀಟಿನವರೆಗೆ ನೀರು ತುಂಬಿ ತೂಗಿ. ಒರೆಸಿ ಒಣಗಿಸಿ, ಅದೇ ಗೀಟಿನವರೆಗೆ ಎಣ್ಣೆ ತುಂಬಿ ತೂಗಿ. ಬಾಟಲಿಯ ತೂಕವನ್ನು ಎರಡರಲ್ಲೂ ಕಳೆದು, ಎಣ್ಣೆಯ ತೂಕವನ್ನು ನೀರಿನ ತೂಕದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ.

ಪ್ರಶ್ನೆ: ನಮ್ಮ ಅಜ್ಜಿಯ ಅಡುಗೆ ಪುಸ್ತಕದಲ್ಲಿ ಹಲಸಿನ ಹಣ್ಣಿನ ಮುಳಕಕ್ಕೆ "ಕರಿಯಲು ಅರ್ಧ ಸೇರು ಎಣ್ಣೆ", ಅತ್ರಾಸಕ್ಕೆ "ಒಂದು ಪಾವು ಎಣ್ಣೆ" ಎಂದಿದೆ. ಇದನ್ನು ಈಗಿನ ಲೆಕ್ಕದಲ್ಲಿ ಎಷ್ಟೆಂದು ತಿಳಿಯಬೇಕು?
— ಓದುಗರು, ಹೊಸನಗರ

ಉತ್ತರ: ಇಲ್ಲಿ ತೊಡಕಿರುವುದು ಸೇರು ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಸಂಗತಿಗಳು ನಡೆದುಕೊಂಡು ಬಂದದ್ದರಲ್ಲಿ. ತೂಕದ ಸೇರು ಒಂದು, ಅಕ್ಕಿ, ರಾಗಿ ಅಳೆಯುವ ಪಾತ್ರೆಯ ಸೇರು ಇನ್ನೊಂದು. ತೂಕದ ಸೇರಿನಲ್ಲಿಯೂ ಹಳೆಯ ಮೈಸೂರು ಸೀಮೆಯಲ್ಲಿ 24 ತೊಲದ ಕಚ್ಚಾ ಸೇರು ಬಳಕೆಯಲ್ಲಿತ್ತು; ಒಂದು ತೊಲ 11.66 ಗ್ರಾಂ ಆದ್ದರಿಂದ ಆ ಸೇರು ಸುಮಾರು 280 ಗ್ರಾಂ. 80 ತೊಲದ ಪಕ್ಕಾ ಸೇರಾದರೆ 933 ಗ್ರಾಂ. ಎರಡರ ನಡುವೆ ಮೂರು ಪಟ್ಟಿಗಿಂತ ಹೆಚ್ಚಿನ ಅಂತರ. 1956ರ ಕಾಯ್ದೆಯ ಮೇರೆಗೆ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದರೂ, ಅಡುಗೆಮನೆಯ ಬಾಯಿಮಾತಿನಲ್ಲಿ ಸೇರು, ಪಾವು, ಚಟಾಕುಗಳು ಬಹುಕಾಲ ಉಳಿದವು, ಇಂದಿಗೂ ಅಳಿದಿಲ್ಲ.

ನಿಮ್ಮ ಅಜ್ಜಿ ಬರೆದ ಅರ್ಧ ಸೇರು ಕಚ್ಚಾ ತೂಕದ್ದಾದರೆ 140 ಗ್ರಾಂ, ಎಂದರೆ 154 ಮಿಲಿಲೀಟರ್. ಮುಳಕ ಮುಳುಗಿ ಏಳಲು ಇದು ಸಾಲದು. ಹಾಗಾಗಿ ಅವರ ಮನಸ್ಸಿನಲ್ಲಿದ್ದದ್ದು ಪಾತ್ರೆಯ ಸೇರು ಎಂದೇ ನನಗೆ ತೋರುತ್ತದೆ. ಪಾವು ಎಂದು ಬರೆದಿರುವುದೂ ಅದನ್ನೇ ಹೇಳುತ್ತದೆ, ಏಕೆಂದರೆ ಪಾತ್ರೆಯ ಸೇರಿನ ಕಾಲು ಭಾಗವೇ ಪಾವು. ಊರಿಂದೂರಿಗೆ ಈ ಪಾತ್ರೆಗಳು ಸ್ವಲ್ಪ ವ್ಯತ್ಯಾಸವಾಗುತ್ತಿದ್ದುದರಿಂದ ಪುಸ್ತಕದ ಕೋಷ್ಟಕವನ್ನು ನಂಬುವುದಕ್ಕಿಂತ ಅಟ್ಟದಲ್ಲೋ ದೇವರ ಕೋಣೆಯ ಮೂಲೆಯಲ್ಲೋ ಇರಬಹುದಾದ ನಿಮ್ಮ ಮನೆಯ ಹಿತ್ತಾಳೆಯ ಪಾವನ್ನೇ ಕೆಳಗಿಳಿಸಿ. ಅದನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ಬಂತೋ ಅಷ್ಟೇ ಮಿಲಿಲೀಟರ್ ಆ ಪಾವಿನ ಅಳತೆ. ಅದರಲ್ಲಿ ಹತ್ತನೆಯ ಒಂದು ಭಾಗ ಕಳೆದು ನೂರನೆಯ ಒಂದು ಭಾಗ ಸೇರಿಸಿದರೆ ಅಜ್ಜಿಯ ಒಂದು ಪಾವು ಎಣ್ಣೆಯ ತೂಕ ಗ್ರಾಂನಲ್ಲಿ ಸಿಗುತ್ತದೆ. ಅಕ್ಕಿಯನ್ನು ಗೋಪುರವಾಗಿ ಅಳೆಯುವ ರೂಢಿ ಇದ್ದರೂ ಎಣ್ಣೆಗೆ ಗೋಪುರವಿಲ್ಲ ಎಂಬುದೊಂದು ಸಮಾಧಾನ. ಪಾತ್ರೆ ಸಿಗದಿದ್ದರೆ ಚಿಂತೆ ಬೇಡ. ಕರಿಯುವ ಎಣ್ಣೆಯ ವಿಷಯದಲ್ಲಿ ಅಜ್ಜಿಯೂ ಅಳೆದು ಹಾಕಿರಲಾರರು. ಬಾಣಲೆ ನೋಡಿಯೇ ಹಾಕಿರುತ್ತಾರೆ.

ಪ್ರಶ್ನೆ: ವೈದ್ಯರು ಒಬ್ಬರಿಗೆ ದಿನಕ್ಕೆ 20 ಗ್ರಾಂ ಎಣ್ಣೆ ಮೀರಬಾರದು ಎಂದಿದ್ದಾರೆ. ಮನೆಯಲ್ಲಿ ನಾವು ನಾಲ್ವರು ದೊಡ್ಡವರು. ಚಮಚದ ಲೆಕ್ಕದಲ್ಲಿ ಎಷ್ಟು? ತಿಂಗಳಿಗೆ ಎಷ್ಟು ಲೀಟರ್ ತರಬೇಕು?
— ನಿವೃತ್ತ ನೌಕರರು, ಭದ್ರಾವತಿ

ಉತ್ತರ: ಅಳತೆಯ ಸಣ್ಣ ಚಮಚ 5 ಮಿಲಿಲೀಟರ್ ಹಿಡಿಯುತ್ತದೆ, ಅದರಲ್ಲಿ ಎಣ್ಣೆ ಸುಮಾರು ನಾಲ್ಕೂವರೆ ಗ್ರಾಂ. ದೊಡ್ಡ ಚಮಚ 15 ಮಿಲಿಲೀಟರ್, ಅದರಲ್ಲಿ 13.65 ಗ್ರಾಂ. ಹಾಗಾಗಿ 20 ಗ್ರಾಂ ಎಂದರೆ ಒಂದೂವರೆ ದೊಡ್ಡ ಚಮಚ, ಅಥವಾ ನಾಲ್ಕೂವರೆ ಸಣ್ಣ ಚಮಚಕ್ಕಿಂತ ಕೂದಲೆಳೆಯಷ್ಟು ಕಡಿಮೆ. ನಾಲ್ವರಿಗೆ ದಿನಕ್ಕೆ 80 ಗ್ರಾಂ, ಮೂವತ್ತು ದಿನಕ್ಕೆ 2 ಕಿಲೋ 400 ಗ್ರಾಂ. ಅದಕ್ಕೆ ಹತ್ತನೆಯ ಒಂದು ಭಾಗ ಸೇರಿಸಿದರೆ 2 ಲೀಟರ್ 640 ಮಿಲಿಲೀಟರ್. ಒಂದು ಗ್ರಾಂ ಎಣ್ಣೆಯಲ್ಲಿ 9 ಕಿಲೋಕ್ಯಾಲೊರಿ ಇರುವುದರಿಂದ ಒಂದು ದೊಡ್ಡ ಚಮಚ 120ರಷ್ಟಾಗುತ್ತದೆ. ಎಣ್ಣೆ ಮಿಳ್ಳೆಯಿಂದ ನೇರವಾಗಿ ಸುರಿಯುವ ಅಭ್ಯಾಸವಿದ್ದರೆ ಬೆಳಿಗ್ಗೆಯೇ ದಿನದ 88 ಮಿಲಿಲೀಟರನ್ನು ಬೇರೆ ಬಟ್ಟಲಿಗೆ ತೆಗೆದಿಟ್ಟು ಅದರಲ್ಲೇ ಸಂಜೆಯವರೆಗೆ ನಡೆಸಿ. ಸಂಜೆ ಪೇಟೆಯಲ್ಲಿ ತಿಂದ ಬೋಂಡಾದ ಎಣ್ಣೆ ಆ ಬಟ್ಟಲಿನಲ್ಲಿ ಕಾಣುವುದಿಲ್ಲ, ಅಷ್ಟೇ.

ಪ್ರಶ್ನೆ: ಕೇಕ್ ಮಾಡುವ ವಿಧಾನಗಳಲ್ಲಿ ಎಣ್ಣೆಯನ್ನು ಕಪ್ಪಿನಲ್ಲಿ ಹೇಳಿರುತ್ತಾರೆ. ಅರ್ಧ ಕಪ್ ಎಂದರೆ 120 ಗ್ರಾಂ ತೂಗಿ ಹಾಕಿದೆ. ಕೇಕ್ ಜಿಡ್ಡು ಜಿಡ್ಡಾಯಿತು.
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಅಳತೆಯ ಕಪ್ಪು ಸಾಮಾನ್ಯವಾಗಿ 240 ಮಿಲಿಲೀಟರ್. ಅರ್ಧ ಕಪ್ಪು 120 ಮಿಲಿಲೀಟರ್, ಅದರಲ್ಲಿರುವ ಎಣ್ಣೆ 109 ಗ್ರಾಂ. ನೀವು 120 ಗ್ರಾಂ ಹಾಕಿದ್ದರಿಂದ 132 ಮಿಲಿಲೀಟರ್ ಬಿತ್ತು, ಎಂದರೆ ಹತ್ತನೆಯ ಒಂದು ಭಾಗ ಹೆಚ್ಚು. ಚಿತ್ರಾನ್ನಕ್ಕೆ ಇದು ಲೆಕ್ಕಕ್ಕಿಲ್ಲ, ಕೇಕಿಗೆ ಇದೆ. 250 ಮಿಲಿಲೀಟರಿನ ಕಪ್ಪುಗಳೂ ಇವೆ, ಅದು ತುಂಬ ಎಣ್ಣೆ ಹಾಕಿದರೆ 227 ಗ್ರಾಂ. ಆದ್ದರಿಂದ ವಿಧಾನ ಬರೆದವರು ಯಾವ ಕಪ್ಪನ್ನು ಹಿಡಿದಿದ್ದಾರೆಂದು ನೋಡಿಕೊಳ್ಳಿ. ಔನ್ಸ್ ಎಂದಿದ್ದರೆ ಇನ್ನೂ ಎಚ್ಚರ: ದ್ರವದ ಔನ್ಸ್ 29.6 ಮಿಲಿಲೀಟರ್, ತೂಕದ ಔನ್ಸ್ 28.35 ಗ್ರಾಂ, ಹೆಸರು ಮಾತ್ರ ಒಂದೇ. ಎಣ್ಣೆ ಮತ್ತು ಜೋನಿ ಬೆಲ್ಲ ಎರಡನ್ನೂ ಒಂದೇ ಕಪ್ಪಿನಲ್ಲಿ ಅಳೆಯುವುದಾದರೆ ಎಣ್ಣೆಯನ್ನು ಮೊದಲು ಅಳೆಯಿರಿ. ಒಳಗೋಡೆಗೆ ಅಂಟಿದ ಎಣ್ಣೆಯ ಪಸೆಯಿಂದ ಬೆಲ್ಲ ಪೂರ್ತಿ ಜಾರಿ ಬರುತ್ತದೆ.

ಪ್ರಶ್ನೆ: ತುಪ್ಪಕ್ಕೂ ಜೇನುತುಪ್ಪಕ್ಕೂ ಇದೇ ಲೆಕ್ಕವೇ? ನಮ್ಮ ಕಡೆ ಜೇನುತುಪ್ಪವನ್ನು ಹಳೆಯ 650 ಮಿಲಿಲೀಟರಿನ ಬಾಟಲಿಯಲ್ಲಿ ತುಂಬಿ ಕೊಡುತ್ತಾರೆ, ಬೆಲೆ ಮಾತ್ರ ಕಿಲೋ ಲೆಕ್ಕದಲ್ಲಿ ಹೇಳುತ್ತಾರೆ.
— ಓದುಗರು, ಕೊಪ್ಪ

ಉತ್ತರ: ಕರಗಿದ ತುಪ್ಪಕ್ಕೆ ಇದೇ ಲೆಕ್ಕ ಸಾಕು, ಅರ್ಧ ಲೀಟರ್ ತುಪ್ಪ ಅರ್ಧ ಕಿಲೋ ಅಲ್ಲ, ಸುಮಾರು 455 ಗ್ರಾಂ. ಹರಳುಗಟ್ಟಿದ ತುಪ್ಪವನ್ನು ಚಮಚದಲ್ಲಿ ಅಳೆದರೆ ನಡುವೆ ಗಾಳಿ ಸೇರಿಕೊಳ್ಳುವುದರಿಂದ ಕರಗಿಸಿಯೇ ಅಳೆಯಬೇಕು, ಇಲ್ಲವೇ ತೂಗಬೇಕು.

ಜೇನುತುಪ್ಪ ಇದಕ್ಕೆ ತೀರ ವಿರುದ್ಧ. ಅದು ನೀರಿಗಿಂತ ಭಾರ, ಒಂದು ಲೀಟರ್ ಸುಮಾರು 1 ಕಿಲೋ 400 ಗ್ರಾಂ ತೂಗುತ್ತದೆ. 650ನ್ನು 1.4ರಿಂದ ಗುಣಿಸಿ ನೋಡಿ: 910 ಗ್ರಾಂ. ಒಂದು ಲೀಟರ್ ಎಣ್ಣೆಯ ತೂಕವೂ ನಿಮ್ಮ ಒಂದು ಬಾಟಲಿ ಜೇನಿನ ತೂಕವೂ ಒಂದೇ ಆಗಿರುವುದು ಬರಿಯ ಆಕಸ್ಮಿಕವಾದರೂ ನೆನಪಿಟ್ಟುಕೊಳ್ಳಲು ಅನುಕೂಲ. ತುಂಬಿದ ಬಾಟಲಿಗೆ ಕಿಲೋದ ಬೆಲೆಯನ್ನೇ ಕೇಳಿದರೆ 90 ಗ್ರಾಂನ ಬೆಲೆಯನ್ನು ಹೆಚ್ಚಾಗಿ ಕೊಟ್ಟಂತಾಗುತ್ತದೆ. ಜೇನಿನಲ್ಲಿ ನೀರಿನಂಶ ಹೆಚ್ಚಿದ್ದರೆ ತೂಕ ಇನ್ನೂ ಕಡಿಮೆ ಬರುತ್ತದೆ. ಮುಂದಿನ ಸಲ ಕೊಳ್ಳುವಾಗ ಅದೇ ನಮೂನೆಯ ಖಾಲಿ ಬಾಟಲಿಯೊಂದನ್ನು ಮನೆಯಲ್ಲಿ ತೂಗಿ, ಆ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.